ಭಾನುವಾರದ ಅಂಕಿ

ಸಂಸ್ಥೆಯಲ್ಲಿ ಯಾವುದೇ ಹೊಸ ನಿಯಮ ಬರೆಯಬೇಕಾದರೂ ಎಲ್ಲರ ಕಣ್ಣು ಹೋಗುತ್ತಿದ್ದುದು ಬೀಜ ವಿಭಾಗದ ಮೇಷ್ಟ್ರ ಕಡೆಗೆ. ಹಾಸ್ಟೆಲ್ಲಿನ ನಿಯಮ, ಗ್ರಂಥಾಲಯದ ನಿಯಮ, ಕೊನೆಗೆ ಸೈಕಲ್ಲು ನಿಲ್ಲಿಸುವ ನಿಯಮಕ್ಕೂ ಅವರದೇ ಕರಡು. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವರನ್ನು ನಿಯಮದ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಯೂ ಆಗಿತ್ತು.

ಈ ಸಲ ಅವರ ಪಾಲಿಗೆ ಬಂದಿದ್ದು ಮಾತ್ರ ಸೈಕಲ್ಲಿನಷ್ಟು ಹಗುರದ್ದಲ್ಲ. ಸಂಶೋಧನೆಯಲ್ಲಿ ಮೋಸ ನಡೆದರೆ ಯಾರು ವಿಚಾರಿಸಬೇಕು, ಹೇಗೆ ವಿಚಾರಿಸಬೇಕು, ಯಾರಿಗೆ ಯಾವ ಶಿಕ್ಷೆ, ಇದೆಲ್ಲ ಹೊಸದಾಗಿ ಬರೆಯಬೇಕಿತ್ತು. ಹಳೆಯ ನಿಯಮ ಒಂದೂವರೆ ಪುಟದ್ದು. ಅದರಲ್ಲಿ ತಪ್ಪಿತಸ್ಥ ಎಂಬ ಮಾತು ಹನ್ನೊಂದು ಸಲ ಇತ್ತು, ತಪ್ಪು ಹೇಗಾಯಿತು ಎಂದು ಕೇಳುವ ಸಾಲು ಒಂದೂ ಇರಲಿಲ್ಲ. ನಿರ್ದೇಶಕರು ಸಮಿತಿ ಮಾಡಿದರು, ಮೇಷ್ಟ್ರನ್ನು ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಮೊದಲ ಸಭೆಯಲ್ಲೇ ಹೊಗಳಿದ್ದೂ ಆಯಿತು: "ತಮ್ಮ ಪ್ರಬಂಧದಲ್ಲಿ ದೋಷ ಇದೆ ಅಂತ ಗೊತ್ತಾದ ತಕ್ಷಣ ತಾವೇ ವಾಪಸ್ ತಗೊಂಡವರು ನಮ್ಮ ಮೇಷ್ಟ್ರು. ಇವರಿಗಿಂತ ಯೋಗ್ಯರು ಬೇಕಾ?"

ಮೇಷ್ಟ್ರು ವಿನಯದಿಂದ ತಲೆ ತಗ್ಗಿಸಿದರು. ಆ ತಲೆ ತಗ್ಗಿಸಿದ್ದಕ್ಕೆ ವಿನಯವಲ್ಲದೆ ಬೇರೆ ಕಾರಣ ಇತ್ತೆಂಬುದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು.

ಪ್ರಬಂಧ ವಾಪಸಾದ ಕತೆಯನ್ನು ಅವರು ಭಾಷಣಗಳಲ್ಲಿ ಹೇಳುತ್ತಿದ್ದುದು ಅರ್ಧ. ಪೂರ್ತಿ ಕತೆ ಹೀಗಿದೆ.

ಒಂಬತ್ತು ವರ್ಷದ ಹಿಂದೆ ಅವರ ಲ್ಯಾಬಿನಲ್ಲಿ ಒಬ್ಬ ಸಹಾಯಕಿ ಇದ್ದಳು. ಎಲ್ಲರಿಗೂ ಅವಳು ಎಣಿಕೆ ಅಕ್ಕ. ಪ್ರತಿ ಬುಧವಾರ ಗಾಜಿನ ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ, ತಟ್ಟೆಗೆ ನೂರರಂತೆ ಬೀಜ ಇಡುವುದು, ಆಮೇಲೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಎಷ್ಟು ಮೊಳೆತಿವೆ ಎಂದು ಎಣಿಸಿ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ನಲವತ್ತು ತಟ್ಟೆ, ನಾಲ್ಕು ಸಾವಿರ ಬೀಜ. ಬೆಂಕಿಕಡ್ಡಿಯ ತುದಿಯಿಂದ ಒಂದೊಂದನ್ನೇ ಪಕ್ಕಕ್ಕೆ ಸರಿಸುತ್ತಾ, ತುಟಿ ಅಲ್ಲಾಡಿಸುತ್ತಾ ಎಣಿಸುತ್ತಿದ್ದಳು. ಮಧ್ಯೆ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದಳು. ನಿರ್ದೇಶಕರನ್ನೂ ಒಮ್ಮೆ ಹಾಗೆ ತಡೆದಿದ್ದಳು.

ಬುಧವಾರ ಇಟ್ಟ ಬೀಜಕ್ಕೆ ನಾಲ್ಕನೆಯ ದಿನ ಭಾನುವಾರ. ಲ್ಯಾಬಿನ ಬೀಗದ ಕೈ ಮೇಷ್ಟ್ರ ಹತ್ತಿರ. ಭಾನುವಾರ ಎಣಿಸಬೇಕೆಂದರೆ ಅವರೇ ಬಂದು ಬಾಗಿಲು ತೆಗೆಯಬೇಕಿತ್ತು. ಎರಡು ಭಾನುವಾರ ಬಂದರು. ಮೂರನೆಯದಕ್ಕೆ ಮುಂಚೆ ಅವಳನ್ನು ಕರೆದು, "ಭಾನುವಾರ ಬರಬೇಡಮ್ಮ, ಮನೇಲಿ ಮಗು ಚಿಕ್ಕದು. ಶನಿವಾರದ್ದೂ ಸೋಮವಾರದ್ದೂ ಕೂಡಿಸಿ ಅರ್ಧ ಮಾಡಿ ಬರೆದುಬಿಡು. ಎಲ್ಲ ಕಡೆ ಹಾಗೇ ಮಾಡೋದು" ಅಂದರು.

"ಎಣಿಸದೇ ಬರೆಯೋದಾ ಸಾರ್?"

"ಬೀಜಕ್ಕೇನು ಭಾನುವಾರ ಸೋಮವಾರ ಗೊತ್ತಾಗುತ್ತಾ?" ಎಂದು ಮೇಷ್ಟ್ರು ನಕ್ಕಿದ್ದರು. ಅವಳೂ ನಕ್ಕಳು. ದೊಡ್ಡವರು ನಕ್ಕಾಗ ಚಿಕ್ಕವರು ನಗಬೇಕಲ್ಲ.

ಬೀಜಕ್ಕೆ ಭಾನುವಾರ ಗೊತ್ತಿರಲಿಲ್ಲ ನಿಜ, ಆದರೆ ನಾಲ್ಕನೆಯ ದಿನ ಚೆನ್ನಾಗಿ ಗೊತ್ತಿತ್ತು. ಈ ಜಾತಿಯ ಬೀಜ ಮೂರು ದಿನ ಹೆಚ್ಚುಕಡಿಮೆ ಸುಮ್ಮನಿದ್ದು ನಾಲ್ಕನೆಯ ದಿನ ಒಮ್ಮೆಲೇ ಮೊಳೆಯುತ್ತದೆ ಎಂದು ಹಳೆಯ ಪುಸ್ತಕಗಳಲ್ಲೇ ಇದೆ. ಮೇಷ್ಟ್ರು ಆ ಮೂರನೆಯ ವಾರದಿಂದ ಅದನ್ನು ಒಂದು ಉಪ್ಪಿನ ದ್ರಾವಣದಲ್ಲಿ ನೆನೆಸಿ ಇಟ್ಟು ನೋಡಿದರು. ಪುಸ್ತಕದ ಅಂಕಿಗಳ ಪ್ರಕಾರ ಶನಿವಾರ ಇಪ್ಪತ್ತು, ಭಾನುವಾರ ಐವತ್ತು, ಸೋಮವಾರ ಎಂಬತ್ತು. ಮೆಟ್ಟಿಲು ಹತ್ತಿದಷ್ಟು ಸಮ. ನೆನೆಸಿದರೆ ಬೀಜ ಹದವಾಗಿ, ದಿನದಿನವೂ ಒಂದೇ ಸಮನೆ ಮೊಳೆಯುತ್ತದೆ ಎಂದು ಮೇಷ್ಟ್ರು ಪ್ರಬಂಧ ಬರೆದರು, ಹೆಸರೂ ಬಂತು. ಆ ಐವತ್ತು ಬಂದಿದ್ದು ಉಪ್ಪಿನಿಂದಲ್ಲ, ಕೂಡಿ ಅರ್ಧ ಮಾಡಿದ್ದರಿಂದ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಕೇಳಿದವರು ನಂಬುವುದಿಲ್ಲ. ಆದರೆ ತಾನೇ ಹಾಕಿಸಿದ ಅಂಕಿ ಪುಸ್ತಕದಲ್ಲಿ ಕೂತು ಎರಡು ತಿಂಗಳು ಕಳೆದರೆ ಅದು ಬೀಜವೇ ಹೇಳಿದ ಹಾಗೆ ಕಾಣುತ್ತದೆ. ಇಷ್ಟರಮಟ್ಟಿಗೆ ಮೇಷ್ಟ್ರು ದಡ್ಡರೇ ಹೊರತು ಕಳ್ಳರಲ್ಲ. ಕಳ್ಳತನ ಶುರುವಾದದ್ದು ಆಮೇಲೆ.

ಬೇರೊಂದು ಊರಿನ ಲ್ಯಾಬಿನವರು ಅದೇ ಪ್ರಯೋಗ ಮಾಡಿದರು. ಅವರು ಭಾನುವಾರವೂ ಎಣಿಸಿದರು, ಪಾಪ. ಬೀಜ ಯಥಾಪ್ರಕಾರ ನಾಲ್ಕನೆಯ ದಿನವೇ ಒಟ್ಟಿಗೆ ಮೊಳೆಯಿತು. ಎಣಿಕೆ ಪುಸ್ತಕ ಕಳಿಸಿ ಅಂದರು. ಪುಸ್ತಕ ತೆರೆದರೆ ಮೂವತ್ತು ವಾರದ ಭಾನುವಾರಗಳೂ ಕರಾರುವಾಕ್ಕಾಗಿ ನಡುಮಧ್ಯೆ ಕೂತಿದ್ದವು. ವಿಚಾರಣೆ ಕೂತಿತು. ವಿಚಾರಣೆಯ ಹಿಂದಿನ ದಿನ ಮೇಷ್ಟ್ರು ವರಾಂಡದಲ್ಲಿ ಅವಳನ್ನು ನಿಲ್ಲಿಸಿ, "ನೀನು ಕೇಳಿದ್ದಕ್ಕಷ್ಟೇ ಉತ್ತರ ಕೊಡಮ್ಮ. ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು.

ಅವಳು ಆ ಮಾತನ್ನು ನಂಬಿದಳು. ಬರವಣಿಗೆ ಯಾರದು ಎಂದು ಕೇಳಿದರು, ನನ್ನದು ಅಂದಳು. ಆ ಭಾನುವಾರಗಳಂದು ಬಂದಿದ್ದೆಯಾ ಎಂದು ಕೇಳಿದರು, ಇಲ್ಲ ಅಂದಳು. ಅಲ್ಲಿಗೆ ಅವಳ ವಿಚಾರಣೆ ಮುಗಿಯಿತು. ಆಮೇಲೆ ಮೇಷ್ಟ್ರ ಸರದಿ. ನಿಮಗೆ ಗೊತ್ತಿತ್ತೇ ಎಂದು ಕೇಳಿದಾಗ ಅವರು, "ನನ್ನ ಗಮನಕ್ಕೆ ಬಂದಿರಲಿಲ್ಲ" ಅಂದರು. ಐದು ಸೆಕೆಂಡಿನ ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಹಾಗೆ ಎಣಿಕೆ ಅಕ್ಕನ ಕೆಲಸ ಹೋಯಿತು. ಪ್ರಬಂಧ ವಾಪಸ್ ತೆಗೆದುಕೊಳ್ಳುವ ಪ್ರಕಟಣೆಯಲ್ಲಿ, ಸಹಾಯಕ ಸಿಬ್ಬಂದಿಯೊಬ್ಬರು ದಾಖಲೆಯಲ್ಲಿ ಎಸಗಿದ ಲೋಪದಿಂದಾಗಿ, ಎಂದು ಬರೆದವರು ಮೇಷ್ಟ್ರೇ. ಕರಡು ಬರೆಯುವುದರಲ್ಲಿ ಅವರದು ಎತ್ತಿದ ಕೈ.

ಈಗ ಹೊಸ ಸಮಿತಿಯಲ್ಲಿ ಅಂಕಿಅಂಶ ವಿಭಾಗದ ಮೇಡಂ ಒಬ್ಬರಿದ್ದರು. ಹೊಸದಾಗಿ ಸೇರಿದವರು, ಹಳೆಯದು ಗೊತ್ತಿಲ್ಲ, ಬಾಯಿ ಮಾತ್ರ ಬಹಳ ನೇರ. ಮೇಷ್ಟ್ರ ಕರಡಿನಲ್ಲಿ, ಆರು ವರ್ಷಕ್ಕಿಂತ ಹಳೆಯ ಪ್ರಕರಣಗಳನ್ನು ಪರಿಗಣಿಸತಕ್ಕದ್ದಲ್ಲ, ಎಂದು ಒಂದು ಸಾಲಿತ್ತು. ಮೇಡಂ ಅದರ ಮೇಲೆ ಬೆರಳಿಟ್ಟರು.

"ಆರೇ ಯಾಕೆ ಸಾರ್? ಐದಲ್ಲ, ಹತ್ತಲ್ಲ?"

"ಎಲ್ಲಾದರೂ ಒಂದು ಕಡೆ ಗೆರೆ ಎಳೀಬೇಕಲ್ಲಮ್ಮ" ಅಂದರು ಮೇಷ್ಟ್ರು. ಗೆರೆಯನ್ನು ಒಂಬತ್ತರ ಈಚೆಗೇ ಎಳೆದದ್ದು ಯಾಕೆಂದು ಅವರಿಗೆ ಗೊತ್ತಿತ್ತು. ಕೈ ತಾನಾಗಿ ಕುತ್ತಿಗೆಯ ಹತ್ತಿರ ಹೋಗಿ ಕಾಲರು ಸರಿಮಾಡಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. "ನಾವು ಇಲ್ಲಿ ಕೂತು ಬರೀತಿರೋದು ನಮಗೆ ತೋಚಿದ್ದು. ಹಳೇ ನಿಯಮದಲ್ಲಿ ಶಿಕ್ಷೆ ಆಗಿರೋರನ್ನ ಒಂದ್ಸಲ ಕರೆದು ಕೇಳೋಣ. ಎಲ್ಲಿ ಎಡವಿದೀವಿ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?" ಅಂದರು. ಬೇಡ ಎನ್ನಲು ಮೇಷ್ಟ್ರಿಗೆ ಒಂದು ಕಾರಣವೂ ಸಿಗಲಿಲ್ಲ. ಐದು ಜನಕ್ಕೆ ಪತ್ರ ಹೋಯಿತು. ನಾಲ್ಕು ಜನ ಉತ್ತರವನ್ನೇ ಕೊಡಲಿಲ್ಲ. ಐದನೆಯ ಉತ್ತರ ಅಂಚೆ ಕಾರ್ಡಿನಲ್ಲಿ ಬಂತು. ಗುಂಡಗಿನ ಅಕ್ಷರ, ಮೂವತ್ತು ಭಾನುವಾರ ಬರೆದದ್ದೂ ಅದೇ ಕೈ. ಬರುತ್ತೇನೆ, ಮಂಗಳವಾರ ಅಂಗಡಿಗೆ ರಜೆ, ಎಂದಷ್ಟೇ ಇತ್ತು.

ಮಂಗಳವಾರ ಬಂದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಉದ್ದ ಮೇಜಿನ ಈ ತುದಿಯಲ್ಲಿ ಮೇಷ್ಟ್ರು, ಆ ತುದಿಯಲ್ಲಿ ಅವಳು, ನಡುವೆ ಐದು ಜನ ಮತ್ತು ಯಾರೂ ಮುಟ್ಟದ ಬಿಸ್ಕತ್ತಿನ ತಟ್ಟೆ.

"ಕೂತ್ಕೊಳ್ಳಿ, ಹೇಗಿದ್ದೀರಿ?" ಅಂದರು ಮೇಷ್ಟ್ರು. ಹತ್ತು ವರ್ಷ ಜೊತೆಯಲ್ಲಿ ದುಡಿದಾಗ ಅವರು ಅವಳಿಗೆ ಒಂದು ದಿನವೂ ಬಹುವಚನ ಹಾಕಿದವರಲ್ಲ. ಅವಳು ತಲೆಯೆತ್ತಿ ಒಂದು ಸಲ ನೋಡಿ, "ಚೆನ್ನಾಗಿದೀನಿ ಸಾರ್" ಅಂದಳು.

ಕನ್ನಡಕದ ಅಂಗಡಿಯಲ್ಲಿ ಕೆಲಸವಂತೆ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು. ಬೇರೆ ಲ್ಯಾಬುಗಳಲ್ಲಿ ಕೇಳಿದ್ದಳಂತೆ, ಹಿಂದಿನ ಕಡೆ ಯಾಕೆ ಬಿಟ್ಟಿರಿ ಎಂದು ಕೇಳುತ್ತಿದ್ದರಂತೆ, ನಿಜ ಹೇಳಿದರೆ ಆಮೇಲೆ ತಿಳಿಸುತ್ತೇವೆ ಅನ್ನುತ್ತಿದ್ದರಂತೆ. ಇದನ್ನೆಲ್ಲ ಅವಳು ಬೇರೆ ಯಾರದೋ ವಿಷಯ ಹೇಳಿದ ಹಾಗೆ ಹೇಳಿದಳು. ಅಂಕಿಅಂಶದ ಮೇಡಂ ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು.

"ಅರ್ಧ ಮಾಡಿ ಹಾಕೋದು ನಿಮಗೆ ಹೇಗೆ ಹೊಳೀತು? ಯಾರಾದ್ರೂ ಹೇಳಿಕೊಟ್ರಾ?"

ಮೇಷ್ಟ್ರಿಗೆ, ಈಗ ಬಂತು, ಬರಲಿ, ಬಂದುಬಿಡಲಿ ಎಂದು ಒಂದು ಮನಸ್ಸು. ಬಾರದಿರಲಿ ಎಂದು ಇನ್ನೊಂದು. ಎರಡರಲ್ಲಿ ಎರಡನೆಯದೇ ದೊಡ್ಡದಾಗಿತ್ತು.

ಅವಳು ಮೇಡಂ ಕಡೆ ತಿರುಗಿದಳು. "ನಾನೀಗ ಹೆಸರು ಹೇಳಿದ್ರೆ ಅದು ದೂರು ಆಗುತ್ತೆ ಮೇಡಂ. ನಾನು ದೂರು ಕೊಡೋಕೆ ಬಂದಿಲ್ಲ, ನೀವು ಕರೆದ್ರಿ ಅಂತ ಬಂದೆ. ಹೊಸ ನಿಯಮದಲ್ಲಿ ಒಂದು ಸಾಲು ಸೇರಿಸೋಕಾದ್ರೆ ಸೇರಿಸಿ. ಯಾರು ಬರೆದ್ರು ಅಂತ ಕೇಳೋ ಹಾಗೆ, ಯಾರು ಬರಿ ಅಂದ್ರು ಅಂತಾನೂ ಕೇಳಿ. ನೀವೀಗ ಕೇಳಿದ ಪ್ರಶ್ನೆನ ಅವತ್ತು ನನಗೆ ಯಾರೂ ಕೇಳ್ಲೇ ಇಲ್ಲ."

ಅವಳು ಮೇಷ್ಟ್ರ ಕಡೆ ನೋಡಲಿಲ್ಲ. ನೋಡಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರು ಬಾಯಿ ತೆರೆದರು. ನಾನು ಎಂಬ ಒಂದು ಪದ ನಾಲಿಗೆಯ ತುದಿಗೇ ಬಂದು ಕೂತಿತ್ತು. ಆದರೆ ಹೊರಗೆ ಬಂದ ಮಾತು ಬೇರೆ.

"ತುಂಬಾ ಉಪಯುಕ್ತವಾದ ಸಲಹೆ. ಧನ್ಯವಾದ. ಮುಂದಿನ ವಿಷಯಕ್ಕೆ ಹೋಗೋಣ."

ಅವಳು ಎದ್ದು, ಕುರ್ಚಿಯನ್ನು ಮೊದಲಿದ್ದ ಹಾಗೆ ಒಳಕ್ಕೆ ತಳ್ಳಿ, ಬಾಗಿಲು ಎಳೆದುಕೊಂಡು ಹೋದಳು. ಮುಂದಿನ ವಿಷಯ ಏನಿತ್ತೆಂದು ಮೇಷ್ಟ್ರಿಗೆ ಇವತ್ತಿಗೂ ನೆನಪಿಲ್ಲ. ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡಬೇಕು ಅನ್ನುತ್ತಾರಲ್ಲ, ಅಷ್ಟು ನಾಚಿಕೆಯಾಗಿತ್ತು. ಒಂಬತ್ತು ವರ್ಷದ ಹಿಂದೆ ಹೇಳಿದ ಸುಳ್ಳಿಗೆ ಹೆದರಿಕೆ ಅನ್ನುವ ನೆಪವಾದರೂ ಇತ್ತು. ಇವತ್ತಿನದಕ್ಕೆ ಯಾವ ನೆಪವೂ ಇರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಒಗೆದ ಬಟ್ಟೆ ಮಡಿಸುತ್ತಿದ್ದರು. ಮೇಷ್ಟ್ರು ಎದುರಿಗೆ ಕೂತು, ಒಂದು ಕಾಲುಚೀಲದ ಜೋಡಿ ಹುಡುಕುತ್ತಾ, "ಇವತ್ತು ಎಣಿಕೆ ಅಕ್ಕ ಬಂದಿದ್ಲು" ಅಂದರು.

ಹೆಂಡತಿಯ ಕೈ ನಿಂತಿತು. "ಏನಂದ್ಲು?"

"ಏನೂ ಅನ್ಲಿಲ್ಲ. ನನ್ನ ಹೆಸರು ಹೇಳ್ಲಿಲ್ಲ."

"ನೀವೂ ಹೇಳ್ಲಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ಆಕೆ ಒಂದು ದಿಂಬಿನ ಚೀಲವನ್ನು ಕೊಡವಿ ಮಡಿಸಿದರು. "ಕೆಲಸ ಹೋದ ಮಾರನೇ ವಾರ ಅವಳು ಇಲ್ಲಿಗೆ ಬಂದಿದ್ಲು, ನೆನಪಿದೆಯಾ? ನೀವು ಬಚ್ಚಲಮನೇಲಿ ನಲ್ಲಿ ಬಿಟ್ಕೊಂಡು ಕೂತ್ರಿ. ಮನೇಲಿಲ್ಲ ಅಂತ ಹೇಳು ಅಂದ್ರಿ. ನಾನು ಬಾಗಿಲಲ್ಲಿ ನಿಂತು ಇಲ್ಲಮ್ಮ, ಊರಿಗೆ ಹೋಗಿದಾರೆ ಅಂದೆ. ಒಳಗಿಂದ ನೀರಿನ ಸದ್ದು ಅವಳಿಗೂ ಕೇಳಿಸ್ತಿತ್ತು. ಹೌದಾ ಅಕ್ಕ, ಸರಿ ಅಂತ ಹೊರಟುಹೋದ್ಲು."

ಮೇಷ್ಟ್ರು ಕೈಯಲ್ಲಿದ್ದ ಕಾಲುಚೀಲವನ್ನು ತಿರುವಿ ಹಾಕಿದರು.

"ಅವಳ ಕೈಲಿ ಸುಳ್ಳು ಬರೆಸಿದ್ರಿ, ನನ್ನ ಬಾಯಲ್ಲಿ ಸುಳ್ಳು ಹೇಳಿಸಿದ್ರಿ. ನೀವು ಮಾತ್ರ ಮೈಗೆ ಮಸಿ ತಾಗದ ಹಾಗೆ ಇದ್ದೀರಿ" ಅಂದರು ಹೆಂಡತಿ. ದನಿ ಏರಿಸಲಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ದನಿ ಏರಿಸುವ ಅಗತ್ಯ ಇರುವುದಿಲ್ಲ. ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದರು, ಕಾಲುಚೀಲದ ಜೋಡಿ ಸಿಗಲೇ ಇಲ್ಲ.

ಮುಂದಿನ ಮಂಗಳವಾರ ಕೊನೆಯ ಸಭೆ. ಕರಡಿಗೆ ಎಲ್ಲರೂ ಸಹಿ ಹಾಕಿದರೆ ಮುಗಿಯಿತು. ವಿಚಾರಣೆಗೆ ಹೊರಗಿನವರೂ ಇರಬೇಕು, ಆಪಾದನೆ ಬಂದವರು ಜೊತೆಗೊಬ್ಬರನ್ನು ಕರೆತರಬಹುದು, ದೂರು ಕೊಟ್ಟವರಿಗೆ ಕಿರುಕುಳ ಕೊಡುವಂತಿಲ್ಲ, ಲ್ಯಾಬಿನ ಮುಖ್ಯಸ್ಥರು ತಾವು ಕಲಿಸಿದ ಪದ್ಧತಿಗೆ ತಾವೇ ಹೊಣೆ. ಒಳ್ಳೆಯ ನಿಯಮಗಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಯಾರಾದರೂ ಅಂದಿದ್ದರೆ ಮೇಷ್ಟ್ರು ಹೌದು ಅನ್ನುತ್ತಿದ್ದರು. ಎಣಿಕೆ ಅಕ್ಕ ಹೇಳಿದ ಸಾಲೂ ಸೇರಿತ್ತು. ನಿರ್ದೇಶಕರು ಅದನ್ನು ಓದಿ, "ಇದಂತೂ ಅದ್ಭುತ. ನಿಮ್ಮ ಅನುಭವದ ಮಾತು" ಎಂದು ಮೇಷ್ಟ್ರ ಬೆನ್ನು ತಟ್ಟಿದರು.

ಬೆನ್ನು ತಟ್ಟಿದ ಆ ಕೈಯೇ ಸಾಕಾಯಿತು. ಮೇಷ್ಟ್ರು ಪೆನ್ನು ತೆಗೆದು ಆರು ವರ್ಷದ ಸಾಲಿನ ಮೇಲೆ ಗೀಟು ಎಳೆದರು.

"ಇದು ನನ್ನನ್ನ ಉಳಿಸ್ಕೊಳ್ಳೋಕೆ ಬರೆದ ಸಾಲು. ಭಾನುವಾರದ ಅಂಕಿನ ಎಣಿಸದೇ ಹಾಕು ಅಂತ ಎಣಿಕೆ ಅಕ್ಕಂಗೆ ಹೇಳಿದ್ದು ನಾನು. ಗಮನಕ್ಕೆ ಬಂದಿರಲಿಲ್ಲ ಅಂದಿದ್ದು ಸುಳ್ಳು. ನಾನು ನೋಡ್ಕೋತೀನಿ ಸುಮ್ಮನಿರು ಅಂತ ಅವಳ ಬಾಯಿ ಕಟ್ಟಿದ್ದೂ ನಾನೇ. ಇದೆಲ್ಲ ನಡಾವಳಿ ಪುಸ್ತಕದಲ್ಲಿ ಬರೀಬೇಕು. ಅವಳ ಪ್ರಕರಣ ಮತ್ತೆ ತೆರೀಬೇಕು. ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿ ನಾನೇ ಕಳಿಸ್ತೀನಿ, ನನ್ನ ಹೆಸರಲ್ಲಿ."

ಹೇಳಿ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು. ಇನ್ನು ಉಗಿಯುತ್ತಾರೆ, ಉಗಿಯಲಿ ಎಂದು ಕಾದರು. ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಎಂಥ ದೊಡ್ಡ ಮಾತು ಮೇಷ್ಟ್ರೇ. ಯಾರೂ ಕೇಳದೇ ಇದ್ರೂ ತಾವಾಗಿ ಒಪ್ಪಿಕೊಂಡ್ರಲ್ಲ. ಇದಕ್ಕೇ ನಾನು ನಿಮ್ಮನ್ನ ಅಧ್ಯಕ್ಷರು ಮಾಡಿದ್ದು." ಪಕ್ಕದಲ್ಲಿ ಕೂತವರೊಬ್ಬರು ಚಪ್ಪಾಳೆ ಹೊಡೆದರು. ಇನ್ನಿಬ್ಬರು ಸೇರಿಕೊಂಡರು.

ಮೇಷ್ಟ್ರು ಕುಗ್ಗಿ ಹಿಡಿಯಷ್ಟಾದರು. ಅಂದು ಪ್ರಬಂಧ ವಾಪಸ್ ತೆಗೆದುಕೊಂಡಾಗಲೂ ಹೀಗೇ ಆಗಿತ್ತು, ಇದೇ ಕೋಣೆಯಲ್ಲಿ, ಇದೇ ಸದ್ದು. ಅವರು ಏನು ಮಾಡಿದರೂ ಅದು ಅವರ ಲೆಕ್ಕಕ್ಕೇ ಜಮೆಯಾಗುತ್ತಿತ್ತು.

ಅಂಕಿಅಂಶದ ಮೇಡಂ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ನಿರ್ದೇಶಕರು, "ಆದ್ರೆ ಹಳೇ ಕಡತ ತೆಗೆಯೋದು ಯಾಕೆ, ಸಂಸ್ಥೆ ಮರ್ಯಾದೆ ಪ್ರಶ್ನೆ" ಎಂದು ಎಳೆಯುತ್ತಿದ್ದಾಗ ಆಕೆ, "ಸಂಸ್ಥೆ ಮರ್ಯಾದೆನ ಒಂಬತ್ತು ವರ್ಷದಿಂದ ಆ ಹೆಂಗಸು ಒಬ್ಬಳೇ ಹೊತ್ಕೊಂಡಿದಾಳೆ ಸಾರ್. ಇನ್ನು ಇಳಿಸ್ಕೊಳ್ಳೋಣ" ಅಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಹೋದ ಮಂಗಳವಾರ ಆಕೆ ಆ ಕುರ್ಚಿಯಲ್ಲೇ ಕೂತಿದ್ರು" ಎಂದಷ್ಟೇ ಹೇಳಿ ನಡಾವಳಿ ಪುಸ್ತಕ ಮುಂದೆ ತಳ್ಳಿದರು. ಮೇಷ್ಟ್ರು ತಾವೇ ಬರೆದರು, ಒಂದು ಪದವನ್ನೂ ನಯ ಮಾಡಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಕನ್ನಡಕದ ಅಂಗಡಿಗೆ ಹೋದರು. ಎಣಿಕೆ ಅಕ್ಕ ಹಿಂದಿನ ಪುಟ್ಟ ಕೋಣೆಯಲ್ಲಿ, ತಿರುಗುವ ಕಲ್ಲಿಗೆ ಗಾಜಿನ ಅಂಚು ಹಿಡಿದು ನಿಂತಿದ್ದಳು. ಅವರನ್ನು ನೋಡಿ ಎಡಗೈ ಎತ್ತಿ ತಡೆದಳು. ಆ ಗಾಜು ಮುಗಿದ ಮೇಲೆಯೇ ಯಂತ್ರ ನಿಲ್ಲಿಸಿದಳು.

ಮೇಷ್ಟ್ರು ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಪ್ರಕರಣ ಮತ್ತೆ ತೆರೆಯುವುದು, ಪತ್ರಿಕೆಗೆ ಕಳಿಸುವ ತಿದ್ದುಪಡಿ ಪತ್ರ. ಅವಳು ಗಾಜಿನ ಪುಡಿಯನ್ನು ಬಟ್ಟೆಯಿಂದ ಒರೆಸುತ್ತಾ ಕೇಳಿಸಿಕೊಂಡಳು.

"ಯಾರ್ಯಾರಿದ್ರು ಸಾರ್ ಅಲ್ಲಿ?"

"ಸಮಿತಿಯವರು, ನಿರ್ದೇಶಕರು."

"ನಾನು ಕೂತಿದ್ದಾಗ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತಮ್ಮ" ಅಂದರು ಮೇಷ್ಟ್ರು.

"ನಂಗೂ ಆಗಿತ್ತು. ಆ ಕಟ್ಟಡದ ಮೆಟ್ಟಿಲು ಹತ್ತೋಕೆ ನಂಗೂ ನಾಚಿಕೆ ಆಗಿತ್ತು ಸಾರ್. ಆದ್ರೂ ಬಂದೆ."

ಮೇಷ್ಟ್ರು ಕ್ಷಮಿಸು ಎನ್ನಲು ಬಂದಿದ್ದರು, ಅದನ್ನು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ನಿಂತರು. "ನಾನೇನು ಮಾಡ್ಬೇಕು ಹೇಳು" ಅಂದರು ಕೊನೆಗೆ.

ಅವಳು ಬಟ್ಟೆ ಮಡಿಸಿಟ್ಟಳು. "ಪತ್ರ ಕಳಿಸಿ, ಬೇಡ ಅನ್ನಲ್ಲ. ಆದ್ರೆ ನಮ್ಮ ಮಾವಂಗೆ ಬಾಯಲ್ಲಿ ಹೇಳಿ. ಗೋದಾಮಿನಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದವರು ಅವರು. ಒಂದು ಗುಂಜಿ ಆಚೆ ಈಚೆ ಮಾಡಿದವರಲ್ಲ. ಸೊಸೆ ಸುಳ್ಳು ಅಂಕಿ ಬರೆದು ಕೆಲಸ ಕಳ್ಕೊಂಡ್ಲು ಅಂತ ಬೀದಿಗೆಲ್ಲ ಗೊತ್ತು. ನಂಗೆ ಬೈದಿಲ್ಲ, ಊಟ ತಿಂಡಿಗೆ ಏನೂ ಕಮ್ಮಿ ಮಾಡಿಲ್ಲ. ಆದ್ರೆ ಮನೆಗೆ ಯಾರಾದ್ರೂ ಬಂದ್ರೆ, ನೀನು ಒಳಗೆ ಹೋಗಮ್ಮ ಅಂತಾರೆ."

ಸಂಜೆ ಐದರ ಹೊತ್ತಿಗೆ ಇಬ್ಬರೂ ಅವಳ ಮನೆಗೆ ಹೋದರು. ಕಿರಿದಾದ ಬೀದಿ, ಎದುರುಬದುರು ಬಾಗಿಲುಗಳು, ಬಾಗಿಲು ಬಾಗಿಲಿಗೂ ಹೊರಗೆ ಹಾಕಿದ ಕುರ್ಚಿ. ಮುದುಕರು ಜಗುಲಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಮೇಷ್ಟ್ರನ್ನು ಕಂಡು ಪೇಪರು ಮಡಿಸಿದರು, ಅಭ್ಯಾಸಬಲದಿಂದ ಸೊಸೆಗೆ, "ನೀನು ಒಳಗೆ ಹೋಗಮ್ಮ" ಅಂದರು. ಅವಳು ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಮಾವಂಗೆ ಕಿವಿ ಸ್ವಲ್ಪ ಮಂದ" ಎಂದು ಮೇಷ್ಟ್ರಿಗೆ ಹೇಳಿದಳು.

ಮೇಷ್ಟ್ರು ಬಗ್ಗಿ, ಮುದುಕರ ಕಿವಿಯ ಹತ್ತಿರ, ಆದಷ್ಟು ತಗ್ಗಿದ ದನಿಯಲ್ಲಿ ತಾನು ಯಾರೆಂದು ಹೇಳಿದರು. ಭಾನುವಾರದ ಅಂಕಿಯನ್ನು ಎಣಿಸದೆ ಬರೆ ಅಂದದ್ದು ತಾನೇ, ಅವಳ ತಪ್ಪಿಲ್ಲ ಎಂದರು.

"ಏನು?" ಅಂದರು ಮುದುಕರು.

ಮೇಷ್ಟ್ರು ಇನ್ನೊಂದು ಸಲ ಹೇಳಿದರು, ಈ ಸಲ ಸ್ವಲ್ಪ ಜೋರಾಗಿ. ಪಕ್ಕದ ಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ತಲೆ ಎತ್ತಿದಳು. ಮುದುಕರು ಮೇಷ್ಟ್ರ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಸೊಸೆಯ ಮುಖ ನೋಡಿದರು. ಅವರ ಗಲ್ಲ ಒಂದೆರಡು ಸಲ ಅದುರಿತು.

"ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳಿ."

ಮೂರನೆಯ ಸಲ ಮೇಷ್ಟ್ರು ಕೂಗಿಯೇ ಹೇಳಿದರು. "ಸುಳ್ಳು ಬರೆಸಿದ್ದು ನಾನು. ಎಣಿಸದೇ ಬರೆಯೋದಾ ಅಂತ ನಿಮ್ಮ ಸೊಸೆ ಕೇಳಿದ್ಲು, ಬರಿ ಅಂದಿದ್ದು ನಾನು." ಎದುರು ಮನೆಯ ಕಿಟಕಿಯ ಪರದೆ ಸರಿಯಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಮೇಷ್ಟ್ರ ಕಿವಿ, ಕುತ್ತಿಗೆ ಎಲ್ಲ ಕಾದುಹೋಗಿತ್ತು. ಇನ್ನಾದರೂ ಮುಗಿಯಿತೆಂದು ಅವರು ಮುದುಕರನ್ನು ನೋಡಿದರೆ, ಮುದುಕರು ಕಿವಿಗೆ ಕೈ ಅಡ್ಡ ಹಿಡಿದು ಮತ್ತೆ, "ಏನಂದ್ರಿ?" ಅಂದರು.

ಮೇಷ್ಟ್ರು ದಿಕ್ಕು ತೋಚದೆ ಅವಳ ಕಡೆ ತಿರುಗಿದರು.

"ಅವರಿಗೆ ಎರಡನೇ ಸಲಾನೇ ಕೇಳಿಸ್ತು ಸಾರ್" ಅಂದಳು ಅವಳು, ಮೆಲ್ಲಗೆ.

ಮುದುಕರು ಕುರ್ಚಿಯ ಕೈ ಹಿಡಿದು ಎದ್ದು ನಿಂತರು. ಸೊಸೆಯ ರಟ್ಟೆ ಹಿಡಿದು, ಬಾಗಿಲಿನಿಂದ ಜಗುಲಿಯ ಅಂಚಿಗೆ, ನಾಲ್ಕು ಜನ ಕಾಣುವ ಹಾಗೆ ಕರೆತಂದು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. "ಮೂಲೆ ಮನೆಯವರಿಗೆ ಇನ್ನೂ ಕೇಳಿಸಿಲ್ಲ" ಅಂದರು. "ಆ ಕಡೆ ತಿರುಗಿ ಹೇಳಿ."

ಮೇಷ್ಟ್ರು ಬೀದಿಯ ಕಡೆ ತಿರುಗಿದರು. ಮೊದಲಿನಿಂದ ಶುರು ಮಾಡಿ, ಒಂದು ಸಾಲೂ ಬಿಡದೆ, ಪೂರ್ತಿ ಹೇಳಿದರು.